ಡೊಮಿಂಗೊ ಗಿರಾರ್ಡೆಲ್ಲಿ: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಿಂದ ಊರಿಗೆ ಬರುವವರ ಸೂಟ್‌ಕೇಸಿನಲ್ಲಿ, ಬಟ್ಟೆಗಳ ಸಂದಿಗೆ ತುರುಕಿಕೊಂಡು ಬರುವ ಚೌಕಾಕಾರದ ಚಾಕೊಲೇಟುಗಳ ಪೊಟ್ಟಣ ಕರ್ನಾಟಕದ ಎಷ್ಟೋ ಮನೆಗಳಿಗೆ ಪರಿಚಿತ. ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತ ನೆಲೆಸಿರುವ ಮಕ್ಕಳನ್ನು ನೋಡಲು ಬಂದ ತಂದೆತಾಯಂದಿರು ಆ ನಗರದ ಗಿರಾರ್ಡೆಲ್ಲಿ ಚೌಕಕ್ಕೆ ಒಮ್ಮೆಯಾದರೂ ಹೋಗಿ ಬರುತ್ತಾರೆ. ಅಲ್ಲಿ ಐಸ್‌ಕ್ರೀಮಿಗಾಗಿ ಸಾಲಿನಲ್ಲಿ ನಿಂತಿರುವಾಗ, ಆ ಚಾಕೊಲೇಟ್ ಕಂಪನಿಯನ್ನು ಸ್ಥಾಪಿಸಿದ ಡೊಮಿಂಗೊ ಗಿರಾರ್ಡೆಲ್ಲಿಯವರ ಬಗ್ಗೆ ಹುಟ್ಟುವ ಪ್ರಶ್ನೆಗಳಿಗೆ ಹಲವು ಸಲ ಬಾಯಿಮಾತಿನಲ್ಲಿ ಉತ್ತರಿಸಿದ ಮೇಲೆ, ಅವನ್ನು ಬರೆದಿಡುವುದೇ ಲೇಸೆನಿಸಿತು.

ಈ ಹೆಸರನ್ನು ಹೇಗೆ ಉಚ್ಚರಿಸಬೇಕು?

ಗಿರಾರ್ಡೆಲ್ಲಿ ಎಂದೇ ಹೇಳಬೇಕು. ಪೊಟ್ಟಣದ ಮೇಲಿನ ಇಂಗ್ಲಿಷ್ ಅಕ್ಷರಗಳನ್ನು ನೋಡಿ ‘ಘಿರಾರ್ಡೆಲ್ಲಿ’ ಎಂದೋ ‘ಜಿರಾರ್ಡೆಲ್ಲಿ’ ಎಂದೋ ಓದುವವರು ಬಹಳ. ಇಟಾಲಿಯನ್ ಬರವಣಿಗೆಯಲ್ಲಿ ‘ಜಿ’ ಎಂದಾಗದೆ ‘ಗಿ’ ಎಂದಾಗಬೇಕಾದರೆ ನಡುವೆ ಎಚ್ ಅಕ್ಷರವನ್ನು ಇಡುತ್ತಾರೆ. ಅದಕ್ಕೂ ನಮ್ಮ ಮಹಾಪ್ರಾಣಕ್ಕೂ ಸಂಬಂಧವಿಲ್ಲ. ಅಮೆರಿಕನ್ನರಿಗೂ ಇದು ನಾಲಿಗೆ ತೊಡರಿಸುವ ಹೆಸರೇ ಆಗಿತ್ತು. ಹಾಗಾಗಿ 20ನೆಯ ಶತಮಾನದ ಆರಂಭದ ವರ್ಷಗಳಲ್ಲಿ ಕಂಪನಿಯು ತನ್ನ ಜಾಹೀರಾತುಗಳಲ್ಲಿ ಒಂದು ಗಿಳಿಯನ್ನು ಕೂರಿಸಿ, ಹೆಸರನ್ನು ಬಿಡಿಬಿಡಿಯಾಗಿ ಹೇಳಿಸಿತು. ಗಿಳಿಗೆ ಮನುಷ್ಯರು ಪಾಠ ಹೇಳುವುದು ರೂಢಿ. ಇಲ್ಲಿ ಪಾಠ ಹೇಳಿದ್ದು ಗಿಳಿ.

ಅವರು ಎಲ್ಲಿಯವರು?

ಇಟಲಿಯ ಜೆನೋವಾ ನಗರಕ್ಕೆ ಹತ್ತಿರದ ಕರಾವಳಿ ಪಟ್ಟಣವಾದ ರಪಾಲ್ಲೊದಲ್ಲಿ, 1817ರ ಫೆಬ್ರವರಿ 21ರಂದು ಹುಟ್ಟಿದವರು. ಇಟಲಿ ಎಂದು ನಾವು ಸುಲಭವಾಗಿ ಹೇಳುತ್ತೇವಾದರೂ, ಇಟಲಿ ಎಂಬ ಒಂದೇ ರಾಷ್ಟ್ರ ರೂಪುಗೊಂಡಿದ್ದು 1861ರಲ್ಲಿ. ಅವರು ಹುಟ್ಟಿದಾಗ ಆ ಸೀಮೆ ಸಾರ್ಡೀನಿಯಾ ರಾಜ್ಯಕ್ಕೆ ಸೇರಿತ್ತು. ತಂದೆ ಸಂಬಾರ ಪದಾರ್ಥಗಳನ್ನೂ ಹೊರನಾಡಿನ ತಿನಿಸುಗಳನ್ನೂ ತರಿಸಿ ಮಾರುವ ವರ್ತಕರು. ಹುಡುಗ ಎಳೆಯ ವಯಸ್ಸಿನಲ್ಲೇ ಜೆನೋವಾದ ಮಿಠಾಯಿಗಾರರ ಕೈಕೆಳಗೆ ಕೆಲಸ ಕಲಿಯಲು ಸೇರಿದ. ಮುಂದಿನ ಎಲ್ಲ ಪ್ರಶ್ನೆಗಳಿಗೂ ಈ ಕೊನೆಯ ಸಂಗತಿಯೇ ಬುನಾದಿ. ‘ಚಿನ್ನ ಅಗೆಯಲು ಹೋದವನಿಗೆ ಚಾಕೊಲೇಟ್ ಸಿಕ್ಕಿತು’ ಎಂಬ ಜನಪ್ರಿಯ ಕಥೆ ಕೇಳಲು ಸೊಗಸಾಗಿದೆ, ಆದರೆ ತಲೆಕೆಳಗಾಗಿದೆ. ಅವರು ಕ್ಯಾಲಿಫೋರ್ನಿಯಾದ ನೆಲ ಮೆಟ್ಟುವ ಹೊತ್ತಿಗೆ ಈ ಕಸುಬಿನಲ್ಲಿ ಪಳಗಿ ಹತ್ತಾರು ವರ್ಷಗಳಾಗಿದ್ದವು. ನಡುವೆ ಬಂದು ಹೋದದ್ದು ಚಿನ್ನದ ಹುಚ್ಚು.

ಇಟಲಿಯವರಾಗಿದ್ದರೆ ಡೊಮಿಂಗೊ ಎಂಬ ಸ್ಪ್ಯಾನಿಷ್ ಹೆಸರು ಹೇಗೆ ಬಂತು?

ಹುಟ್ಟುಹೆಸರು ಡೊಮೆನಿಕೊ. ಇಪ್ಪತ್ತರ ಹರೆಯದಲ್ಲಿ, 1837ರಲ್ಲಿ, ಅವರು ಪತ್ನಿ ಎಲಿಸಬೆಟ್ಟಾ ಕೋರ್ಸೀನಿಯವರೊಂದಿಗೆ ಅಟ್ಲಾಂಟಿಕ್ ದಾಟಿ ಉರುಗ್ವೆಯ ಮೊಂಟೆವಿಡಿಯೊ ನಗರಕ್ಕೆ ಹೋದರು. ಜೆನೋವಾ ಕರಾವಳಿಯ ಜನ ಆ ದಿಕ್ಕಿಗೆ ವಲಸೆ ಹೋಗುವುದು ಆಗ ಹೊಸದೇನಲ್ಲ. ಅಲ್ಲಿ ಕಾಫಿ ಮತ್ತು ಚಾಕೊಲೇಟಿನ ಅಂಗಡಿಯೊಂದರಲ್ಲಿ ಸ್ವಲ್ಪ ಕಾಲ ದುಡಿದು, ಮರುವರ್ಷ ದಕ್ಷಿಣ ಅಮೆರಿಕದ ತುತ್ತತುದಿಯ ಕೇಪ್ ಹಾರ್ನ್ ಸುತ್ತುಹಾಕಿ ಪೆರುವಿನ ಲೀಮಾ ಸೇರಿದರು. ಪನಾಮಾ ಕಾಲುವೆ ಬಂದಿದ್ದು 1914ರಲ್ಲಿ. ಅಲ್ಲಿಯವರೆಗೆ ಒಂದು ಸಾಗರದಿಂದ ಇನ್ನೊಂದಕ್ಕೆ ಹಡಗಿನಲ್ಲೇ ಹೋಗಬೇಕೆಂದರೆ ಬಿರುಗಾಳಿಗೆ ಕುಖ್ಯಾತವಾದ ಈ ಬಳಸುದಾರಿಯನ್ನೇ ಹಿಡಿಯಬೇಕಿತ್ತು.

ಲೀಮಾದ ವರ್ತಕರ ಬೀದಿಯಲ್ಲಿ ಅವರು ಸ್ವಂತ ಮಿಠಾಯಿ ಅಂಗಡಿ ತೆರೆದರು. ಗಿರಾಕಿಗಳು ಸ್ಪ್ಯಾನಿಷ್ ಮಾತಾಡುವವರು. ಅವರ ಬಾಯಲ್ಲಿ ಡೊಮೆನಿಕೊ ಡೊಮಿಂಗೊ ಆಯಿತು. ಆ ಹೆಸರನ್ನು ಅವರು ಕೊನೆಯವರೆಗೂ ಉಳಿಸಿಕೊಂಡರು. ಹೆಸರಿಗಿಂತ ಮುಖ್ಯವಾದದ್ದು ಊರಿನ ಆಯ್ಕೆ. ಚಾಕೊಲೇಟಿಗೆ ಬೇಕಾದ ಕೋಕೋ ಬೀಜ ಆ ಕಾಲದಲ್ಲಿ ಭಾರೀ ಪ್ರಮಾಣದಲ್ಲಿ ಹಡಗೇರುತ್ತಿದ್ದದ್ದು ಈಕ್ವೆಡಾರ್‌ನ ಗ್ವಾಯಾಕಿಲ್ ಬಂದರಿನಿಂದ, ಲೀಮಾ ಇರುವ ಅದೇ ಕಡಲತೀರದ ಉತ್ತರದ ತುದಿಯಿಂದ. ಯೂರೋಪಿನ ಮಿಠಾಯಿಗಾರನಿಗೆ ಸಾಗರದಾಚೆಯಿಂದ ಬರುವ ದುಬಾರಿ ಸರಕು ಇಲ್ಲಿ ನೆರೆಮನೆಯ ಬೆಳೆ. ಲೀಮಾದಲ್ಲಿ ಕಳೆದ ಹನ್ನೊಂದು ವರ್ಷಗಳನ್ನು ಅವರ ಜೀವನಚರಿತ್ರೆ ಹೇಳುವವರು ಎರಡು ಸಾಲಿನಲ್ಲಿ ದಾಟಿಬಿಡುತ್ತಾರೆ. ನನ್ನ ದೃಷ್ಟಿಯಲ್ಲಿ ಗಿರಾರ್ಡೆಲ್ಲಿ ಚಾಕೊಲೇಟ್ ಹುಟ್ಟಿದ್ದು ಅಲ್ಲಿಯೇ, ಕ್ಯಾಲಿಫೋರ್ನಿಯಾದಲ್ಲಿ ಅದು ಬೆಳೆಯಿತು ಅಷ್ಟೆ.

ಅದೇ ಊರಿನಲ್ಲಿ 1846ರಲ್ಲಿ ಎಲಿಸಬೆಟ್ಟಾ ತೀರಿಕೊಂಡರು. ಮರುವರ್ಷ ಅವರು ಕಾರ್ಮೆನ್ ಅಲ್ವರಾಡೊ ಎಂಬ ವಿಧವೆಯನ್ನು ಮದುವೆಯಾದರು.

ಆ ಕಾಲದ ಚಾಕೊಲೇಟ್ ಈಗಿನಂತೆಯೇ ಇತ್ತೇ?

ಇರಲಿಲ್ಲ. ಆಗ ಚಾಕೊಲೇಟ್ ಎಂದರೆ ಬಹುಮಟ್ಟಿಗೆ ಕುಡಿಯುವ ವಸ್ತು. ಕಚ್ಚಿ ತಿನ್ನುವ ಅಚ್ಚಿನ ಚಾಕೊಲೇಟನ್ನು ಇಂಗ್ಲೆಂಡಿನ ಬ್ರಿಸ್ಟಲ್‌ನ ಫ್ರೈ ಕಂಪನಿ ಮಾರುಕಟ್ಟೆಗೆ ತಂದದ್ದೇ 1847ರಲ್ಲಿ.

ಜೇಮ್ಸ್ ಲಿಕ್ ಯಾರು? ಆರುನೂರು ಪೌಂಡ್ ಚಾಕೊಲೇಟಿನ ಕಥೆ ನಿಜವೇ?

ನಿಜ. ಜೇಮ್ಸ್ ಲಿಕ್ ಅಮೆರಿಕದ ಪೆನ್ಸಿಲ್ವೇನಿಯಾದವರು, ಮರಗೆಲಸದಲ್ಲಿ ನುರಿತವರು, ಪಿಯಾನೊ ತಯಾರಿಸಿ ಮಾರುತ್ತಿದ್ದವರು. ಲೀಮಾದಲ್ಲಿ ಅವರ ಕಾರ್ಯಾಗಾರ ಗಿರಾರ್ಡೆಲ್ಲಿಯವರ ಅಂಗಡಿಯ ನೆರೆಯಲ್ಲಿತ್ತು. ಕ್ಯಾಲಿಫೋರ್ನಿಯಾ ಮೆಕ್ಸಿಕೊದ ಕೈತಪ್ಪಿ ಅಮೆರಿಕದ ವಶವಾಗಲಿದೆ ಎಂದು ಲೆಕ್ಕ ಹಾಕಿದ ಲಿಕ್, ಇದ್ದುದನ್ನೆಲ್ಲ ಮಾರಿ ಉತ್ತರಕ್ಕೆ ಹೊರಟರು. 1848ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇಳಿದಾಗ ಅವರ ಬಳಿ ಒಂದು ಪೆಟ್ಟಿಗೆ ಚಿನ್ನದ ನಾಣ್ಯಗಳೂ ನೆರೆಯವನ ಅಂಗಡಿಯ 600 ಪೌಂಡ್ ಚಾಕೊಲೇಟೂ ಇದ್ದವು. ನಮ್ಮ ಲೆಕ್ಕದಲ್ಲಿ ಅದು 270 ಕಿಲೋಗೂ ತುಸು ಹೆಚ್ಚು.

ಆಗ ಆ ಊರಿನ ಜನಸಂಖ್ಯೆ ಸಾವಿರದ ಆಸುಪಾಸು. ಅದೇ ತಿಂಗಳ 24ರಂದು, ಕೊಲೊಮಾ ಎಂಬಲ್ಲಿ ಜಾನ್ ಸಟರ್ ಅವರಿಗಾಗಿ ಕಟ್ಟುತ್ತಿದ್ದ ಮರ ಕೊಯ್ಯುವ ಗಿರಣಿಯ ಕಾಲುವೆಯಲ್ಲಿ ಚಿನ್ನದ ಕಣಗಳು ಹೊಳೆದವು. 1849ರ ಕೊನೆಯ ಹೊತ್ತಿಗೆ ಸ್ಯಾನ್ ಫ್ರಾನ್ಸಿಸ್ಕೊದ ಜನಸಂಖ್ಯೆ 25,000 ಮುಟ್ಟಿತು. ಲಿಕ್ ತಂದಿದ್ದ ಚಾಕೊಲೇಟ್ ಸಲೀಸಾಗಿ ಖರ್ಚಾಗಿ, ಆ ಸುದ್ದಿ ಲೀಮಾ ತಲುಪಿತು. ನೆರೆಯವರು ಹೊರಡುವುದಕ್ಕೆ ಅಷ್ಟು ಸಾಕಾಯಿತು.

ಲಿಕ್ ಅವರ ಮುಂದಿನ ಬದುಕನ್ನೂ ಇಲ್ಲಿ ಹೇಳದಿರಲಾರೆ. ಚಿನ್ನ ಅಗೆಯುವ ಬದಲು ಅವರು ಭೂಮಿ ಕೊಂಡು ಕ್ಯಾಲಿಫೋರ್ನಿಯಾದ ಮಹಾ ಶ್ರೀಮಂತರಾದರು. ತಮಗಾಗಿ ಊರ ನಡುವೆ ಪಿರಮಿಡ್ಡಿನಂಥ ಸಮಾಧಿ ಕಟ್ಟಿಸಬೇಕೆಂದಿದ್ದವರ ಮನಸ್ಸನ್ನು ತಿರುಗಿಸಿ, ಹಿತೈಷಿಗಳು ಆ ಹಣವನ್ನು ದೂರದರ್ಶಕಕ್ಕೆ ಕೊಡಿಸಿದರು. ಸ್ಯಾನ್ ಹೋಸೆ ನಗರದ ಪೂರ್ವಕ್ಕೆ ಹ್ಯಾಮಿಲ್ಟನ್ ಬೆಟ್ಟದ ಮೇಲೆ ಇಂದಿಗೂ ಇರುವ ಲಿಕ್ ವೀಕ್ಷಣಾಲಯ ಅದೇ; 36 ಇಂಚಿನ ಆ ಮಹಾ ದೂರದರ್ಶಕದ ಕಂಬದ ಬುಡದಲ್ಲೇ ಅವರ ಸಮಾಧಿ ಇದೆ. ಅಲ್ಲಿನ ಸಿಲಿಕಾನ್ ಕಣಿವೆಯಲ್ಲಿ ಕೆಲಸ ಮಾಡುವ ನಮ್ಮವರು ಕಚೇರಿಯ ಕಿಟಕಿಯಿಂದ ಬೆಟ್ಟದ ತುದಿಯ ಬಿಳಿ ಗುಮ್ಮಟವನ್ನು ನೋಡಿಯೇ ಇರುತ್ತಾರೆ. ಅದಕ್ಕೂ ಚಾಕೊಲೇಟಿಗೂ ಇರುವ ನಂಟು ತಿಳಿದವರು ಕಡಿಮೆ.

ಗಿರಾರ್ಡೆಲ್ಲಿಯವರಿಗೆ ಚಿನ್ನ ಸಿಕ್ಕಿತೇ?

ಬದುಕು ತಿರುಗುವಷ್ಟು ಸಿಗಲಿಲ್ಲ. 1849ರಲ್ಲಿ ಬಂದಿಳಿದ ಅವರು ಸಿಯೆರಾ ಬೆಟ್ಟಸಾಲಿನ ತಪ್ಪಲಿನ ಸೊನೋರಾ, ಜೇಮ್ಸ್‌ಟೌನ್ ಕಡೆ ಕೆಲವು ಕಾಲ ಮಣ್ಣು ತೊಳೆದು ನೋಡಿದರು. ಬೇಗನೆ ಅರಿವಾದದ್ದೆಂದರೆ, ಗಣಿಗಾರರಿಗೆ ಚಿನ್ನ ಸಿಕ್ಕರೂ ಸಿಗದಿದ್ದರೂ ಊಟ, ತಿಂಡಿ, ಸಾಮಾನುಗಳಂತೂ ಬೇಕೇ ಬೇಕು. ದಕ್ಷಿಣದ ಗಣಿಗಳಿಗೆ ಸರಕು ಸಾಗಿಸುವ ನದಿಬಂದರಾದ ಸ್ಟಾಕ್ಟನ್ನಿನಲ್ಲಿ ಡೇರೆ ಹಾಕಿ ದಿನಸಿ ಅಂಗಡಿ ತೆರೆದರು. ಸುಖದ ತಿನಿಸಿಗೆ ಹಪಹಪಿಸುತ್ತಿದ್ದ ಗಣಿಗಾರರು ಸಿಹಿ ಪದಾರ್ಥಕ್ಕೆ ಕೇಳಿದಷ್ಟು ಬೆಲೆ ಕೊಡುತ್ತಿದ್ದರು. ಬಳಿಕ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ, ಬ್ರಾಡ್‌ವೇ ಮತ್ತು ಬ್ಯಾಟರಿ ರಸ್ತೆಗಳು ಕೂಡುವಲ್ಲಿ, ಎರಡನೆಯ ಅಂಗಡಿ ಬಂತು.

ಬೆಂಕಿಯಲ್ಲಿ ಎಲ್ಲವೂ ಹೋಯಿತಂತೆ, ಹೌದೇ?

ಹೌದು, ಅದೂ ಎರಡು ಊರುಗಳಲ್ಲಿ. ಅಂದಿನ ಸ್ಯಾನ್ ಫ್ರಾನ್ಸಿಸ್ಕೊ ಎಂದರೆ ಹಲಗೆ ಮತ್ತು ಕ್ಯಾನ್ವಾಸ್ ಬಟ್ಟೆಯಲ್ಲಿ ಎದ್ದುನಿಂತ ಊರು. 1849ರ ಡಿಸೆಂಬರಿನಿಂದ ಒಂದೂವರೆ ವರ್ಷದೊಳಗೆ ಅಲ್ಲಿ ಹಲವು ಮಹಾ ಅಗ್ನಿ ಅನಾಹುತಗಳಾದವು. ಅವುಗಳಲ್ಲಿ ಅತಿ ದೊಡ್ಡದು 1851ರ ಮೇ 3ರ ರಾತ್ರಿ ಹೊತ್ತಿದ್ದು. ಆ ಬೆಂಕಿಯಲ್ಲಿ ಗಿರಾರ್ಡೆಲ್ಲಿಯವರ ವ್ಯವಹಾರ ಸುಟ್ಟಿತು. ಕೆಲವೇ ದಿನಗಳ ಅಂತರದಲ್ಲಿ ಸ್ಟಾಕ್ಟನ್ನಿಗೂ ಬೆಂಕಿ ಬಿದ್ದು ಅಲ್ಲಿನ ಅಂಗಡಿಯೂ ಬೂದಿಯಾಯಿತು. ಮೂವತ್ತನಾಲ್ಕನೆಯ ವಯಸ್ಸಿನಲ್ಲಿ, ಹೆಂಡತಿ ಮಕ್ಕಳನ್ನು ದೂರದ ಲೀಮಾದಲ್ಲಿ ಬಿಟ್ಟು ಬಂದಿದ್ದ ಮನುಷ್ಯ ಒಂದೇ ವಾರದಲ್ಲಿ ಬರಿಗೈಯಾದರು.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಉಳಿದ ಅಲ್ಪ ಬಂಡವಾಳದಿಂದ ಅವರು ‘ಕೈರೋ ಕಾಫಿ ಹೌಸ್’ ಎಂಬ ಹೋಟೆಲು ತೆರೆದರು. ಅದು ಕೈಹಿಡಿಯಲಿಲ್ಲ.

ಹಾಗಾದರೆ ಕಂಪನಿ ಸ್ಥಾಪನೆಯಾದದ್ದು 1852ರಲ್ಲಿ ಎನ್ನುವುದು ಸರಿಯೇ?

ಕಂಪನಿ ತನ್ನ ಹುಟ್ಟಿದ ವರ್ಷವೆಂದು ಹೇಳಿಕೊಳ್ಳುವುದು ಅದನ್ನೇ, ಮತ್ತು ಅದಕ್ಕೆ ಆಧಾರವೂ ಇದೆ. ಕಾಫಿ ಅಂಗಡಿ ಸೋತ ಮೇಲೆ ಅವರು ಗಿರಾರ್ಡ್ ಎಂಬ ಪಾಲುದಾರರೊಂದಿಗೆ ಸೇರಿ, ವಾಷಿಂಗ್ಟನ್ ಮತ್ತು ಕರ್ನಿ ರಸ್ತೆಗಳ ಮೂಲೆಯಲ್ಲಿ ಮಿಠಾಯಿ ವ್ಯವಹಾರ ಆರಂಭಿಸಿದರು. ‘ಗಿರಾರ್ಡೆಲಿ ಮತ್ತು ಗಿರಾರ್ಡ್’ ಎಂಬ ಆ ಫಲಕದಲ್ಲಿ ಗಿರಾರ್ಡೆಲ್ಲಿ ಎಂಬುದರ ಕೊನೆಯ ಅಕ್ಷರಗಳೇ ಬೇರೆ. ಸ್ವಂತ ಹೆಸರಿನ ಕಾಗುಣಿತದ ಬಗ್ಗೆ ಅವರು ಅಷ್ಟಾಗಿ ತಲೆಕೆಡಿಸಿಕೊಂಡಂತಿಲ್ಲ. ಆ ವರ್ಷ ತರಿಸಿದ ಕೋಕೋ ಬೀಜ 200 ಪೌಂಡ್ ಎಂದು ಕಂಪನಿಯ ಇತಿಹಾಸ ಹೇಳುತ್ತದೆ. ಕುಟುಂಬ ಲೀಮಾದಿಂದ ಬಂದು ಸೇರಿದ್ದೂ ಸುಮಾರು ಆ ಕಾಲದಲ್ಲೇ.

ಅಂದಿನಿಂದ ಎಲ್ಲಿಯೂ ನಿಲ್ಲದೆ ಚಾಕೊಲೇಟ್ ಮಾಡುತ್ತ ಬಂದಿರುವುದರಿಂದ ಅಮೆರಿಕದ ಅತಿ ಹಳೆಯ ಚಾಕೊಲೇಟ್ ಕಂಪನಿಗಳ ಸಾಲಿನಲ್ಲಿ ಇದಕ್ಕೆ ಸ್ಥಾನವಿದೆ. ಪೂರ್ವ ಕರಾವಳಿಯ ಬೇಕರ್ ಕಂಪನಿ ಇದಕ್ಕಿಂತ ಎಷ್ಟೋ ಹಳೆಯದು. ಆದ್ದರಿಂದ ‘ಅಮೆರಿಕದ ಮೊದಲ ಚಾಕೊಲೇಟ್’ ಎಂದು ಯಾರಾದರೂ ಹೇಳಿದರೆ ಒಪ್ಪಬೇಕಾಗಿಲ್ಲ.

‘ಬ್ರೋಮಾ’ ವಿಧಾನ ಎಂದರೇನು? ಅದನ್ನು ಕಂಡುಹಿಡಿದವರು ಅವರೇ?

ಈ ಪ್ರಶ್ನೆಗೆ ತುಸು ಹಿಂದಿನಿಂದ ಉತ್ತರಿಸಬೇಕು. ಪುತ್ತೂರು, ಸುಳ್ಯದ ಕಡೆ ಅಡಿಕೆ ತೋಟದಲ್ಲಿ ಕೋಕೋ ಬೆಳೆದವರಿಗೆ ಹಣ್ಣು ಒಡೆದಾಗ ಕಾಣುವ, ಬಿಳಿ ಲೋಳೆ ಸುತ್ತಿದ ಬೀಜಗಳ ಪರಿಚಯವಿದೆ. ಅವನ್ನು ಹುದುಗಿಸಿ, ಒಣಗಿಸಿ, ಹುರಿದು, ಸಿಪ್ಪೆ ತೆಗೆದು ಅರೆದರೆ ಪುಡಿಯಾಗುವುದಿಲ್ಲ. ಜಿಡ್ಡು ಜಿಡ್ಡಾದ ಕಂದು ಹಿಟ್ಟಾಗುತ್ತದೆ. ಬೀಜದ ತೂಕದಲ್ಲಿ ಅರ್ಧದಷ್ಟು ಕೊಬ್ಬೇ ಇರುವುದು ಇದಕ್ಕೆ ಕಾರಣ. ಆ ಕೊಬ್ಬಿಗೆ ಕೋಕೋ ಬೆಣ್ಣೆ ಎಂದು ಹೆಸರು. ಅದನ್ನು ತೆಗೆಯದೆ ನೀರಿಗೋ ಹಾಲಿಗೋ ಕಲಸಿದರೆ ಎಣ್ಣೆ ಮೇಲೆ ತೇಲುತ್ತದೆ. ನೆದರ್ಲೆಂಡ್ಸ್‌ನ ವಾನ್ ಹೌಟನ್ ಮನೆತನ 1828ರಲ್ಲೇ ಭಾರೀ ಒತ್ತುಯಂತ್ರದಿಂದ ಈ ಕೊಬ್ಬನ್ನು ಹಿಂಡುವ ವಿಧಾನವನ್ನು ರೂಢಿಗೆ ತಂದಿತ್ತು.

ಗಿರಾರ್ಡೆಲ್ಲಿ ಕಾರ್ಖಾನೆಯಲ್ಲಿ 1865ರ ಸುಮಾರಿಗೆ ಕಂಡುಬಂದದ್ದು ಇದಕ್ಕಿಂತ ಸರಳವಾದ ದಾರಿ. ಅರೆದ ಕೋಕೋವನ್ನು ಬಟ್ಟೆಯ ಚೀಲದಲ್ಲಿ ತುಂಬಿ ಬಿಸಿಯಾದ ಕೋಣೆಯಲ್ಲಿ ತೂಗುಹಾಕಿದಾಗ, ಕೊಬ್ಬು ತಾನಾಗಿಯೇ ಕರಗಿ ಹನಿಹನಿಯಾಗಿ ತೊಟ್ಟಿಕ್ಕಿತು. ಚೀಲದಲ್ಲಿ ಉಳಿದದ್ದು ಸುಲಭವಾಗಿ ಪುಡಿಯಾಗುವ ಒಣ ಗಟ್ಟಿ. ಶ್ರೀಖಂಡ ಮಾಡುವವರು ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ಗೂಟಕ್ಕೆ ನೇತುಹಾಕಿ ನೀರು ಇಳಿಸುವುದನ್ನು ನೆನಪಿಸಿಕೊಂಡರೆ ಸಾಕು. ಅಲ್ಲಿ ಇಳಿಯುವುದು ನೀರು, ಇಲ್ಲಿ ಇಳಿಯುವುದು ಕೊಬ್ಬು. ಕೋಕೋ ಬೆಣ್ಣೆ ಕರಗುವುದು ಸುಮಾರು 34 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅಂದರೆ ನಮ್ಮ ಮೈಬಿಸಿಗಿಂತ ತುಸುವೇ ಕೆಳಗೆ. ಚಾಕೊಲೇಟ್ ನಾಲಿಗೆಯ ಮೇಲೆ ಕರಗುವುದೂ ಇದೇ ಗುಣದಿಂದ. ಮಂಜು ಮುಸುಕಿದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅಷ್ಟು ಬಿಸಿ ತಾನಾಗಿ ಬರದು, ಕೋಣೆಯನ್ನು ಕಾಯಿಸಲೇಬೇಕು. ಬೇಸಿಗೆಯ ರಾಯಚೂರಿನಲ್ಲಾಗಿದ್ದರೆ ಆ ಖರ್ಚೂ ಇರುತ್ತಿರಲಿಲ್ಲ.

ಕಂಡುಹಿಡಿದವರು ಯಾರು ಎಂಬುದಕ್ಕೆ ಬರುತ್ತೇನೆ. ಪ್ರಚಲಿತ ವೃತ್ತಾಂತದ ಪ್ರಕಾರವೇ, ಚೀಲ ತೂಗುಹಾಕಿ ಫಲವನ್ನು ಗಮನಿಸಿದ್ದು ಕಾರ್ಖಾನೆಯ ಕೆಲಸಗಾರರೊಬ್ಬರು. ವಿಧಾನ ಯಜಮಾನರ ಕಂಪನಿಯ ಹೆಸರಿನಲ್ಲಿ ಪ್ರಸಿದ್ಧವಾಯಿತು. ಕೆಲಸಗಾರರ ಹೆಸರು ಆ ವೃತ್ತಾಂತದಲ್ಲಿ ಬರುವುದಿಲ್ಲ. ಗಿರಾರ್ಡೆಲ್ಲಿಯವರ ಪಾಲಿಗೆ ಸಲ್ಲಬೇಕಾದ ಶ್ರೇಯಸ್ಸು ಬೇರೆಯದು: ಅದರ ಬೆಲೆಯನ್ನು ತಕ್ಷಣ ಗುರುತಿಸಿ, ಆ ಪುಡಿಗೆ ಸಕ್ಕರೆ ಬೆರೆಸಿ, 1860ರ ದಶಕದಲ್ಲೇ ಸಿಹಿ ಚಾಕೊಲೇಟ್ ಪುಡಿಯನ್ನು ಮಾರುಕಟ್ಟೆಗೆ ಬಿಟ್ಟದ್ದು. ಮನೆಗಳಲ್ಲಿ ಹಾಲಿಗೆ ಬೆರೆಸಿ ಕುಡಿಯುವ ಈ ಪುಡಿಯೇ ಕಂಪನಿಯನ್ನು ಎತ್ತಿ ನಿಲ್ಲಿಸಿದ್ದು, ಇಂದು ನಾವು ಹಂಚಿ ತಿನ್ನುವ ಚೌಕಗಳಲ್ಲ.

ಕೇಕ್ ಮಾಡುವ ಹವ್ಯಾಸವಿರುವವರಿಗೆ ಇನ್ನೊಂದು ಮಾತು. ವಾನ್ ಹೌಟನ್ ವಿಧಾನದಲ್ಲಿ ಕೋಕೋವನ್ನು ಕ್ಷಾರದೊಂದಿಗೆ ಸಂಸ್ಕರಿಸುವುದರಿಂದ ಬಣ್ಣ ಕಪ್ಪಾಗಿ ರುಚಿ ಮೃದುವಾಗುತ್ತದೆ. ಬ್ರೋಮಾ ವಿಧಾನದಲ್ಲಿ ಕ್ಷಾರ ಸೇರಿಸುವುದಿಲ್ಲವಾದ್ದರಿಂದ ಪುಡಿಯಲ್ಲಿ ಹುಳಿಯ ಅಂಶ ಉಳಿಯುತ್ತದೆ. ಅಂಥ ಕೋಕೋಗೆ ಅಡಿಗೆ ಸೋಡಾ ಹಾಕಿದರೆ ಹಿಟ್ಟು ಉಬ್ಬುತ್ತದೆ; ಕ್ಷಾರ ಸೇರಿದ ಪುಡಿಗೆ ಸೋಡಾ ಮಾತ್ರ ಹಾಕಿದರೆ ಅಷ್ಟಾಗಿ ಉಬ್ಬದು.

ಅವರ ಬದುಕು ಆ ನಂತರ ಸುಖವಾಗಿ ಸಾಗಿತೇ?

ಅದೂ ಇಲ್ಲ. ಕಂಪನಿ ಬರೀ ಚಾಕೊಲೇಟನ್ನು ನೆಚ್ಚಿರಲಿಲ್ಲ. ಕಾಫಿ, ಸಂಬಾರ ಪದಾರ್ಥ, ಮದ್ಯ ಎಲ್ಲವೂ ವ್ಯಾಪಾರದಲ್ಲಿದ್ದವು. 1870ರ ದಶಕದ ಆರಂಭದಲ್ಲಿ ಸಾಲ ಮೇಲೇರಿ, ಕೊಲ್ಲಿಯ ಆಚೆ ದಡದ ಓಕ್ಲೆಂಡಿನಲ್ಲಿ ಕಟ್ಟಿಸಿದ್ದ ಮನೆಯೂ ಸೇರಿದಂತೆ ಆಸ್ತಿ ಮಾರಿ ಸಾಲಗಾರರಿಗೆ ಕೊಡಬೇಕಾಯಿತು. ಐವತ್ತು ದಾಟಿದ ಮೇಲೆ ಮತ್ತೆ ಮೊದಲಿನಿಂದ. ಈ ಬಾರಿ ಬೆಳೆದ ಗಂಡುಮಕ್ಕಳು ಜೊತೆಗಿದ್ದರು. 1885ರ ಹೊತ್ತಿಗೆ ಕಂಪನಿ ವರ್ಷಕ್ಕೆ ತರಿಸುತ್ತಿದ್ದ ಕೋಕೋ ಬೀಜ 4,50,000 ಪೌಂಡ್, ಅಂದರೆ 200 ಟನ್ನಿಗೂ ಹೆಚ್ಚು. ಮೊದಲ ವರ್ಷದ 200 ಪೌಂಡನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

ಯಶಸ್ಸಿನ ಗುಟ್ಟೇನು ಎಂದು ಕೇಳುವವರಿಗೆ ನಾನು ಕೊಡುವ ಉತ್ತರ ಸಪ್ಪೆಯಾದದ್ದು. ಸುಟ್ಟಾಗಲೂ ಸೋತಾಗಲೂ ಅವರು ಹೊಸ ವಿದ್ಯೆ ಹುಡುಕಿ ಹೋಗಲಿಲ್ಲ. ಹುಡುಗನಾಗಿದ್ದಾಗ ಜೆನೋವಾದಲ್ಲಿ ಕಲಿತದ್ದಕ್ಕೇ ಹಿಂದಿರುಗಿದರು.

ಗಿರಾರ್ಡೆಲ್ಲಿ ಚೌಕವನ್ನು ಕಟ್ಟಿಸಿದವರು ಅವರೇ?

ಅಲ್ಲ. ಪ್ರವಾಸಿಗರು ಮಾಡುವ ದೊಡ್ಡ ತಪ್ಪು ಇದು. 1890ರ ಆಸುಪಾಸಿನಲ್ಲಿ ಅವರು ಆಡಳಿತವನ್ನು ಮಕ್ಕಳಿಗೆ ಬಿಟ್ಟುಕೊಟ್ಟಿದ್ದರು. ಉತ್ತರದ ಕಡಲಂಚಿನಲ್ಲಿದ್ದ ಪಯನಿಯರ್ ಉಣ್ಣೆ ಗಿರಣಿಯ ಜಾಗವನ್ನು ಮಕ್ಕಳು ಕೊಂಡದ್ದು 1893ರಲ್ಲಿ. ಕೆಂಪು ಇಟ್ಟಿಗೆಯ ಆ ಗಿರಣಿ ಕಟ್ಟಡ 1860ರ ದಶಕದ್ದು. ಸುತ್ತಲಿನ ಉಳಿದ ಕಟ್ಟಡಗಳು ಒಂದೊಂದಾಗಿ ಎದ್ದವು. ಫ್ರಾನ್ಸಿನ ಬ್ಲುವಾ ಅರಮನೆಯ ಮಾದರಿಯ ಗಡಿಯಾರ ಗೋಪುರ ಬಂದಿದ್ದು 1910ರ ದಶಕದ ನಡುಭಾಗದಲ್ಲಿ, ಡೊಮಿಂಗೊ ತೀರಿಕೊಂಡು ಇಪ್ಪತ್ತು ವರ್ಷಗಳಾದ ಮೇಲೆ. ಈಗ ಅಂಗಡಿ, ಹೋಟೆಲುಗಳಿರುವ ‘ಚೌಕ’ದ ರೂಪವಂತೂ ಇನ್ನೂ ಈಚಿನದು. 1960ರ ದಶಕದ ಆರಂಭದಲ್ಲಿ ಕಾರ್ಖಾನೆ ಮಾರಾಟಕ್ಕೆ ಬಂದಾಗ, ಅದನ್ನು ಕೆಡವಿ ಬಹುಮಹಡಿ ವಸತಿ ಕಟ್ಟಡ ಎಬ್ಬಿಸಿಬಿಡುತ್ತಾರೆಂಬ ಆತಂಕದಿಂದ ವಿಲಿಯಂ ರಾತ್ ಮತ್ತು ಅವರ ತಾಯಿ ಲರ್ಲೀನ್ ರಾತ್ ಜಾಗವನ್ನು ಕೊಂಡುಕೊಂಡರು. ಭೂದೃಶ್ಯ ವಿನ್ಯಾಸಕ ಲಾರೆನ್ಸ್ ಹಾಲ್ಪ್ರಿನ್ ಮುಂತಾದವರ ಕೈಯಲ್ಲಿ ಅದು ಹೊಸರೂಪ ಪಡೆದು 1964ರಲ್ಲಿ ತೆರೆಯಿತು. ಹಳೆಯ ಕಾರ್ಖಾನೆಯನ್ನು ಒಡೆಯದೆ ಹೊಸ ಬಳಕೆಗೆ ತಂದ ಅಮೆರಿಕದ ಮೊದಮೊದಲ ಉದಾಹರಣೆಗಳಲ್ಲಿ ಇದು ಹೆಸರಾಯಿತು.

1906ರ ಭೂಕಂಪದಲ್ಲಿ ಏನಾಯಿತು?

ನಗರದ ಬಹುಭಾಗ ಉರುಳಿ ಉರಿದರೂ ಈ ಕಾರ್ಖಾನೆ ಉಳಿದುಕೊಂಡಿತು. ಕೆಲವೇ ದಿನಗಳಲ್ಲಿ ಕೆಲಸ ಮತ್ತೆ ಆರಂಭವಾಯಿತು.

ಈಗ ಕಂಪನಿ ಯಾರದು? ಚೌಕದಲ್ಲಿ ಇಂದಿಗೂ ಚಾಕೊಲೇಟ್ ತಯಾರಾಗುತ್ತದೆಯೇ?

ಕುಟುಂಬದ ಕೈಯಿಂದ ಅದು 1963ರಲ್ಲಿ ಗೋಲ್ಡನ್ ಗ್ರೇನ್ ಎಂಬ ಶಾವಿಗೆ ಕಂಪನಿಗೆ ಹೋಯಿತು. ಅದನ್ನು ನಡೆಸುತ್ತಿದ್ದ ಡಿಡೊಮೆನಿಕೊ ಮನೆತನದವರೂ ಇಟಲಿ ಮೂಲದವರೇ. ತಯಾರಿಕೆ 1967ರಲ್ಲಿ ಓಕ್ಲೆಂಡಿನ ದಕ್ಷಿಣಕ್ಕಿರುವ ಸ್ಯಾನ್ ಲಿಯಾಂಡ್ರೊಗೆ ಸ್ಥಳಾಂತರವಾಯಿತು. ಚೌಕದಲ್ಲಿ ಕಾಣುವ ತಿರುಗುವ ಯಂತ್ರಗಳು ಹಳೆಯ ವೈಭವದ ನೆನಪಿಗೆ, ನಿಮ್ಮ ಕೈಯ ಪೊಟ್ಟಣ ಅವುಗಳಿಂದ ಬಂದದ್ದಲ್ಲ. ನಡುವೆ ಕೆಲವು ಒಡೆಯರು ಬದಲಾಗಿ, 1998ರಿಂದ ಅದು ಸ್ವಿಟ್ಜರ್ಲೆಂಡಿನ ಲಿಂಟ್ ಮತ್ತು ಸ್ಪ್ರುಂಗ್ಲಿ ಕಂಪನಿಗೆ ಸೇರಿದೆ. ಆ ಕಂಪನಿಯ ಮೂಲವೂ ಜ್ಯೂರಿಕ್ ನಗರದ ಒಬ್ಬ ಮಿಠಾಯಿಗಾರನ ಅಂಗಡಿಯೇ.

ಅವರ ಕೊನೆಯ ದಿನಗಳು ಎಲ್ಲಿ ಕಳೆದವು? ಸಮಾಧಿ ಎಲ್ಲಿದೆ?

ವ್ಯವಹಾರದ ಹೊಣೆ ಇಳಿಸಿದ ಬಳಿಕ ಅವರು ಹುಟ್ಟೂರಿಗೆ ಹೋಗಿದ್ದರು. 1894ರ ಜನವರಿ 17ರಂದು ರಪಾಲ್ಲೊದಲ್ಲೇ ತೀರಿಕೊಂಡರು. ಆಗ ವಯಸ್ಸು ಎಪ್ಪತ್ತಾರು. ಹುಟ್ಟಿದ ಊರಿನಲ್ಲೇ ಸಾವು ಬಂದರೂ ಆ ಮಣ್ಣು ಅವರನ್ನು ಉಳಿಸಿಕೊಳ್ಳಲಿಲ್ಲ. ಪಾರ್ಥಿವ ಶರೀರ ಮತ್ತೆ ಸಾಗರ ದಾಟಿತು. ಓಕ್ಲೆಂಡಿನ ಮೌಂಟನ್ ವ್ಯೂ ಸ್ಮಶಾನದಲ್ಲಿ, ಕೊಲ್ಲಿಯ ನೀರು ಕಾಣುವ ಗುಡ್ಡದ ಇಳಿಜಾರಿನಲ್ಲಿ, ಕುಟುಂಬದ ಸಮಾಧಿಯಿದೆ. ಹಗಲು ಹೊತ್ತಿನಲ್ಲಿ ಸ್ಮಶಾನದ ಬಾಗಿಲು ಎಲ್ಲರಿಗೂ ತೆರೆದಿರುತ್ತದೆ. ಚೌಕದ ಜನಜಂಗುಳಿಗೆ ಹೋಲಿಸಿದರೆ ಅಲ್ಲಿಗೆ ಹೋಗುವವರು ಬೆರಳೆಣಿಕೆಯಷ್ಟು.